ಹೆಸರಿನ ಮೂಲೆಯಿಂದ ಕಚ್ಚಿದವನು

"ಹೆಣ ನೋಡಿದ್ದಾಯ್ತಲ್ಲ, ಇನ್ನು ಗಂಟಲು ಒದ್ದೆ ಮಾಡ್ಕೊಳ್ಳಿ," ಎನ್ನುತ್ತ ಸೈಲಸ್ ಪೆಂಗೆಲ್ಲಿ ಪಂಚರ ಮುಂದೆ ಬಿಯರಿನ ಹೂಜಿ ತಂದಿಟ್ಟ.

ನೆಲಮಾಳಿಗೆಯ ಮೆಟ್ಟಿಲು ಹತ್ತಿ ಬಂದ ಪಂಚರು ಟೋಪಿಯನ್ನು ಕೈಯಲ್ಲೇ ಹಿಡಿದು ಬೆಂಚಿನ ಮೇಲೆ ಕೂತರು. ಕೆಳಗೆ, ಪೀಪಾಯಿಗಳ ನಡುವೆ, ಕಿತ್ತಿಟ್ಟ ಬಾಗಿಲೊಂದರ ಮೇಲೆ ಹೆಡ್ಲಿ ಟ್ರೆಂಬಾತ್ ಮಲಗಿದ್ದ. ಮೇಲೆ, ಸರಿಯಾಗಿ ಅವನ ನೆತ್ತಿಗೆ, ಅವನು ಹೇಗೆ ಸತ್ತ ಎಂಬ ವಿಚಾರಣೆ ಶುರುವಾಗುವುದರಲ್ಲಿತ್ತು. ನಡುವೆ ಇದ್ದದ್ದು ಹಲಗೆಯ ನೆಲ, ಅಷ್ಟೇ.

ಈ ವಸಾಹತಿನ ಕಾನೂನೇ ಹಾಗೆ. ಹೆಂಡ ಮಾರುವ ಪರವಾನಗಿ ಪಡೆದವನು ಪೊಲೀಸರು ತಂದ ಹೆಣವನ್ನು ಬೇಡ ಅನ್ನುವಂತಿಲ್ಲ. ಕಾರ್ನ್‌ವಾಲಿನಿಂದ ಹಡಗು ಹತ್ತಿ ಬಂದ ನಾವು ಕಟ್ಟಿಕೊಂಡ ವೀಲ್ ಹ್ಯಾರಿಯೆಟ್ ಎಂಬ ಈ ತಾಮ್ರದ ಗಣಿಯ ಊರಿನಲ್ಲಿ ಬೇಸಗೆಯಲ್ಲೂ ತಣ್ಣಗಿರುವ ಜಾಗ ಪೆಂಗೆಲ್ಲಿಯ ನೆಲಮಾಳಿಗೆ. ಹತ್ತು ಜನ ಹಿಡಿಸುವ ಕೋಣೆ ಪೆಂಗೆಲ್ಲಿಯ ಹೋಟೆಲಿನ ಪಡಖಾನೆ. ಹೀಗಾಗಿ ಸಾವೂ ಅವನ ಮನೆಯಲ್ಲೇ, ನ್ಯಾಯವೂ ಅವನ ಮನೆಯಲ್ಲೇ.

ಆ ಕಾನೂನಿನಂತೆಯೇ ನಾನು, ಕಾನ್‌ಸ್ಟೇಬಲ್ ಡಿಗರಿ ಟ್ರೆಲೋರ್, ಟ್ರೆಂಬಾತನನ್ನು ಹೊತ್ತು ತಂದು, ಅವನನ್ನು ಕೊಂದವನು ಎಂದು ನಾನು ನಂಬಿದ್ದವನ ಕೈಗೇ ಒಪ್ಪಿಸಿದ್ದೆ. ಪೆಂಗೆಲ್ಲಿ ಅಂಗಿಯ ತೋಳು ಮಡಿಚಿ, ಬಿಸಿನೀರು ತರಿಸಿ, ಹೆಣವನ್ನು ತಾನೇ ತೊಳೆದ. ಮೈಮೇಲೆ ಯಾವ ಗುರುತಿತ್ತೋ, ಯಾವುದು ನೀರಿನ ಜೊತೆ ಚರಂಡಿಗೆ ಹೋಯಿತೋ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಬೇರೇನು ಮಾಡಲಿ, ಅದೂ ಅವನ ಹಕ್ಕೇ.

ಕಳೆದ ಭಾನುವಾರ ಟ್ರೆಂಬಾತ್ ನಮ್ಮ ಪ್ರಾರ್ಥನಾಮಂದಿರವಾದ ಚಾಪೆಲ್‌ನಲ್ಲಿ ಎದ್ದು ನಿಂತು ಹೇಳಿದ್ದ: "ನೀವು ಓಟು ಹಾಕಿ ಗೆಲ್ಲಿಸಿರೋನು ಸೈಲಸ್ ಪೆಂಗೆಲ್ಲಿ ಅಲ್ಲ. ಸೈಲಸ್ ಪೆಂಗೆಲ್ಲೀನ ಕಾರ್ನ್‌ವಾಲಲ್ಲಿ ನಾನೇ ಮಣ್ಣು ಮಾಡಿ ಹಡಗು ಹತ್ತಿದೋನು. ಇವನು ಪ್ರಮಾಣ ತಗೊಳ್ಳೋದ್ರೊಳಗೆ ಇವನ್ಯಾರು ಅಂತ ಹೇಳ್ತೀನಿ." ಹೇಳಲಿಲ್ಲ. ಬುಧವಾರ ಹೋಟೆಲಿನ ಹಿಂದಿನ ಪಾಳುಗಣಿಯ ಗುಂಡಿಯ ತಳದಲ್ಲಿ ಕುತ್ತಿಗೆ ಮುರಿದು ಬಿದ್ದಿದ್ದ.

ಪೆಂಗೆಲ್ಲಿ ಬಂದಾಗ ಇಲ್ಲಿ ಊರೇ ಇರಲಿಲ್ಲ. ಒಂದು ಗುಡಾರ, ಒಂದು ರಮ್ ಪೀಪಾಯಿ. ಗುಡಾರ ಹೋಗಿ ತಗಡಿನ ಸೂರು ಬಂತು, ತಗಡು ಹೋಗಿ ಕಲ್ಲಿನ ಮಾಳಿಗೆ ಬಂತು. ಹೆಂಡ ಮಾರುವವನನ್ನು, ಹೆಂಡವೇ ಪಾಪ ಅನ್ನುವ ಚಾಪೆಲ್ ಜನ ಹತ್ತಿರ ಸೇರಿಸಬಾರದಿತ್ತು. ಆದರೆ ಗಣಿ ಕುಸಿದಾಗಲೆಲ್ಲ ಹೆಣ ಬರುತ್ತಿದ್ದದ್ದು ಅವನ ಬಾಗಿಲಿಗೆ. ಅವನು ತೊಳೆದ, ತಲೆ ಬಾಚಿದ, ತೆರೆದ ಬಾಯಿಗೆ ಬಟ್ಟೆ ಕಟ್ಟಿ ಮುಚ್ಚಿಸಿದ, ಆಮೇಲೆ ಹೆಂಡತಿ ಮಕ್ಕಳನ್ನು ಒಳಕ್ಕೆ ಬಿಟ್ಟ. ನನ್ನಪ್ಪನಿಗೂ ಹಾಗೇ ಮಾಡಿದ. ಅಂಥವನು ಬಾಗಿಲಿಗೆ ಬಂದು ಓಟು ಕೇಳಿದರೆ ಯಾವ ಮಗ ಇಲ್ಲ ಅನ್ನುತ್ತಾನೆ? ನಾವು ಸತ್ತವರನ್ನು ಅವನ ಹೆಗಲಿಗೆ ಹಾಕಿದೆವು. ಅವನು ಸತ್ತವರ ಹೆಗಲೇರಿ ಶಾಸನಸಭೆಗೆ ಹೊರಟ.

ಸೋಮವಾರದ ಕೋಚ್ ಬಂಡಿಯಲ್ಲಿ ಅವನು ರಾಜಧಾನಿ ಅಡಿಲೇಡಿಗೆ ಹೋಗಿ ಪ್ರಮಾಣ ತೆಗೆದುಕೊಳ್ಳುವವನಿದ್ದ. ಇಂದು ಪಂಚರು 'ಕಾಲು ಜಾರಿ ಸತ್ತ' ಎಂದುಬಿಟ್ಟರೆ ಟ್ರೆಂಬಾತನ ಮಾತೂ ಅವನ ಜೊತೆ ಮಣ್ಣಿಗೆ.

ನನ್ನ ಕೈಯಲ್ಲಿದ್ದದ್ದು ಒಂದು ತಗಡಿನ ಡಬ್ಬಿ. ಒಳಗೆ ಹೆಣದ ಪಕ್ಕ ಸಿಕ್ಕ ಅರ್ಧ ತಿಂದ ಪಾಸ್ಟಿ, ಅಂದರೆ ಮಾಂಸ, ಆಲೂಗಡ್ಡೆ, ಈರುಳ್ಳಿ ತುಂಬಿ ಅಂಚು ಮಡಿಚಿ ಬೇಯಿಸಿದ ನಮ್ಮ ಕಾರ್ನಿಷ್ ಕಡುಬು. ಗಣಿಗೆ ಇಳಿಯುವ ಪ್ರತಿಯೊಬ್ಬನ ಬುತ್ತಿ ಅದೇ. ಕಟ್ಟಿಕೊಡುವವಳು ಅವನ ಹೆಸರಿನ ಅಕ್ಷರಗಳನ್ನು ಹಿಟ್ಟಿನಲ್ಲೇ ಹೊಸೆದು ಒಂದು ಮೂಲೆಗೆ ಅಂಟಿಸುತ್ತಾಳೆ. ತಿನ್ನುವವನು ಆಚೆಯ ತುದಿಯಿಂದ ಶುರು ಮಾಡುತ್ತಾನೆ. ಅರ್ಧ ತಿಂದು ಕಲ್ಲಿನ ಮೇಲಿಟ್ಟು ಹೋದರೂ ಯಾರದು ಎಂದು ತಿಳಿಯಬೇಕಲ್ಲ. ಹೆಸರಿನ ಮೂಲೆ ಕೊನೆಯ ತುತ್ತು. ಅದರಲ್ಲೂ ಒಂದು ಚೂರು ಗಣಿಯೊಳಗಿನ ಕುಳ್ಳ ಭೂತಗಳಿಗೆ. ಇದನ್ನು ನಮಗೆ ಯಾರೂ ಕಲಿಸುವುದಿಲ್ಲ, ಹಲ್ಲು ಬರುವಾಗಲೇ ಬಂದಿರುತ್ತದೆ.

ಡಬ್ಬಿಯಲ್ಲಿದ್ದ ಕಡುಬನ್ನು ಹೆಸರಿನ ಮೂಲೆಯಿಂದ ಕಚ್ಚಿದ್ದರು. 'ಎಚ್' ಹೋಗಿತ್ತು, 'ಟಿ' ಉಳಿದಿತ್ತು. ಮಿಕ್ಕಂತೆ ಎಲ್ಲ ಕಡುಬಿನ ಹಾಗೇ ಇತ್ತು, ಅದೇ ಕಂದುಬಣ್ಣ, ಹಗ್ಗ ಹೊಸೆದಂಥ ಅದೇ ಅಂಚು.

ಟ್ರೆಂಬಾತ್ ಹಾಗೆ ಕಚ್ಚುವವನಲ್ಲ. ಗುಂಡಿಯ ಬಾಯಲ್ಲಿ ಊಟಕ್ಕೆ ಕೂತು ಜಾರಿದ ಎಂದು ತೋರಿಸಲು ಬೇರೊಬ್ಬ ಕಚ್ಚಿ ಎಸೆದದ್ದು ಅದು. ಕಾರ್ನಿಷ್ ಅಲ್ಲದವನು. ಸತ್ತವನ ಹೆಸರನ್ನು ಹೊದ್ದುಕೊಂಡು ನಮ್ಮ ನಡುವೆ ಕೂತವನು.

ಬೆಳಿಗ್ಗೆಯೇ ಹೋಟೆಲಿನ ಅಡುಗೆಮನೆಗೆ ಹೋಗಿದ್ದೆ. ಅಪ್ಪ ಸತ್ತ ವಾರದಿಂದ ಅಮ್ಮ ಅಲ್ಲಿ ಅಡುಗೆ ಮಾಡುತ್ತಾಳೆ.

"ಪಂಚರ ಊಟದ ಜೊತೆ ಒಂದು ಕಡುಬು ಜಾಸ್ತಿ ಮಾಡಮ್ಮ. ಎಸ್.ಪಿ. ಅಂತ ಹಾಕು."

ಅಮ್ಮನ ಎಡಗೈಯಲ್ಲಿದ್ದ ಲಟ್ಟಣಿಗೆ ನಿಂತಿತು. "ಧಣಿಗಾ? ಅವರು ಮಧ್ಯಾಹ್ನ ಕಡುಬು ತಿನ್ನಲ್ಲ."

"ಇವತ್ತು ತಿಂತಾರೆ."

"ಏನೋ ಇದು ನಿನ್ನ ಆಟ?"

"ಆಟ ಅಲ್ಲಮ್ಮ. ಅವನು ಯಾವ ಕಡೆಯಿಂದ ಕಚ್ತಾನೆ ಅಂತ ಊರು ನೋಡ್ಲಿ."

ಅವಳು ಹಿಟ್ಟಿನ ಮುದ್ದೆಯನ್ನು ಮಗುಚಿ ಹಾಕಿದಳು. "ನಿಮ್ಮಪ್ಪನ್ನ ತೊಳೆದ ಕೈ ಅದು, ಡಿಗರಿ. ನನಗೆ ನೋಡೋಕೂ ಆಗ್ದೇ ಇದ್ದದ್ದನ್ನ ಅವರು ಕೈಯಿಂದ ಮುಟ್ಟಿದ್ರು."

"ಗೊತ್ತು."

"ಗೊತ್ತಿದ್ರೆ ಹೋಗು. ಕೆಲಸ ಇದೆ ನನಗೆ."

ಮಾಡುತ್ತೇನೆ ಅನ್ನಲಿಲ್ಲ, ಮಾಡುವುದಿಲ್ಲ ಅಂತಲೂ ಅನ್ನಲಿಲ್ಲ.

ಪಂಚನಾಮೆ ನಡೆಸುವವನು ಡಾಕ್ಟರ್ ಲಸ್ಕಂಬ್. ಲಂಡನ್ನಿನವನು, ನೊಣ ಓಡಿಸುವುದರಲ್ಲೇ ಅವನ ಅರ್ಧ ಆಯಸ್ಸು ಹೋಗಿತ್ತು.

"ಕಾನ್‌ಸ್ಟೇಬಲ್, ಬೇಗ ಮುಗ್ಸಪ್ಪ. ಸೆಖೆ ತಡೆಯೋಕಾಗ್ತಿಲ್ಲ. ಕೆಳಗಿರೋನಿಗೂ ತಡೆಯೋಕಾಗಲ್ಲ."

ನಾನು ಡಬ್ಬಿ ತೆರೆದು ಪಂಚರ ಮುಖ್ಯಸ್ಥನ ಮುಂದೆ ಇಟ್ಟೆ. ಅವನು ಕ್ಯಾಪ್ಟನ್ ಬೊಲೈಥೊ, ಗಣಿಯ ಮೇಲ್ವಿಚಾರಕ. ಬಗ್ಗಿ ನೋಡಿದವನು ಬಾಯಿಂದ ಪೈಪು ತೆಗೆದ.

"ಇದೇನೋ ಇದು. ಹೆಸರ ಕಡೆಯಿಂದ ಕಚ್ಚವ್ನೆ."

"ಹೌದು, ಕ್ಯಾಪ್ಟನ್."

"ಹೆಡ್ಲಿ ಹಿಂಗೆ ತಿನ್ನೋನಲ್ಲ."

"ಅದನ್ನೇ ನಾನು ಹೇಳ್ತಿರೋದು. ಇದನ್ನ ಕಚ್ಚಿದೋನು ನಮ್ಮೋನಲ್ಲ. ಅವನೇ ಹೆಡ್ಲೀನ ತಳ್ಳಿದೋನು."

"ಯಾವ ಕಡೆಯಿಂದ ತಿಂದ್ರೇನ್ರಿ," ಎಂದ ಡಾಕ್ಟರ್. "ಹೋಗಿ ಸೇರೋ ಹೊಟ್ಟೆ ಒಂದೇ ತಾನೆ?"

"ಡಾಕ್ಟ್ರೇ, ನೀವು ಸುಮ್ನಿರಿ, ಇದು ನಿಮಗೆ ಗೊತ್ತಾಗಲ್ಲ," ಎಂದ ಬೊಲೈಥೊ. ಪಂಚರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಿಯರಿನ ಕಡೆ ಹೋಗಿದ್ದ ಕೈಗಳು ಅಲ್ಲೇ ನಿಂತವು. ಬುಧವಾರದಿಂದ ಮೊದಲ ಸಲ ನನಗೆ ಉಸಿರು ಬಂತು.

"ಊಟದ ಹೊತ್ತಾಯ್ತು," ಎಂದೆ. "ಮಿಸ್ಟರ್ ಪೆಂಗೆಲ್ಲೀನೂ ನಮ್ಮ ಜೊತೆ ಊಟ ಮಾಡ್ಲಿ. ಎಲ್ರ ಕಣ್ಣೆದುರಿಗೆ."

ಪಂಚರಲ್ಲಿ ಅರ್ಥವಾಗದವರು ಯಾರೂ ಇರಲಿಲ್ಲ.

ಅಮ್ಮ ತಟ್ಟೆ ತಂದಳು. ಎಸ್.ಪಿ. ಇತ್ತು. ಪೆಂಗೆಲ್ಲಿ ಕೈಯೊರೆಸಿಕೊಂಡು ಅದನ್ನು ಎತ್ತಿಕೊಂಡ.

"ಅರೆ, ನನ್ನ ಹೆಸರೇ ಹಾಕಿದೀಯಲ್ಲ ಟಾಮ್ಸಿನ್. ಏನು ಇವತ್ತು ಇಷ್ಟು ಪ್ರೀತಿ?"

ಅಮ್ಮ ನೆಲ ನೋಡುತ್ತಿದ್ದಳು.

ಅವನು ಕಡುಬನ್ನು ಅಂಗೈಯಲ್ಲಿ ತೂಗಿದ. ನನ್ನನ್ನು ನೋಡಿದ. ಸಿಟ್ಟಿರಲಿಲ್ಲ ಆ ಕಣ್ಣಲ್ಲಿ, ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು. ಆಮೇಲೆ ಅದನ್ನು ಸಾವಕಾಶವಾಗಿ ತಿರುಗಿಸಿ, ಆಚೆಯ ತುದಿಯನ್ನು ಬಾಯಿಗಿಟ್ಟು ಕಚ್ಚಿದ.

ಪೂರ್ತಿ ತಿಂದ, ಅಕ್ಷರದ ಮೂಲೆ ಉಳಿಯುವವರೆಗೆ. ಅದನ್ನೂ ಮುರಿದು ಬಾಯಿಗೆ ಹಾಕಿಕೊಂಡು, ಒಂದು ಚೂರನ್ನು ನೆಲಮಾಳಿಗೆಯ ಬಾಗಿಲ ಕಡೆ ಎಸೆದ.

"ಕೆಳಗಿರೋ ಹೆಡ್ಲಿ ಪಾಲು," ಎಂದ. "ಇನ್ನೇನಾದ್ರೂ ತಿಂದು ತೋರಿಸ್ಬೇಕೇನೋ, ಮಗನೇ?"

ಪಂಚರು ನಕ್ಕರು. ಕಟ್ಟಿದ್ದ ಉಸಿರೆಲ್ಲ ನಗೆಯಾಗಿ ಹೋಯಿತು. ನನ್ನ ಬತ್ತಳಿಕೆಯಲ್ಲಿದ್ದದ್ದು ಒಂದೇ ಬಾಣ. ಅದನ್ನು ಹೂಡುವ ಮೊದಲೇ ಅವನೆದುರು ತೋರಿಸಿಬಿಟ್ಟಿದ್ದೆ, ಅದು ಗೋಡೆಗೆ ತಾಗಿ ನನ್ನ ಕಾಲ ಬುಡಕ್ಕೇ ಬಿದ್ದಿತ್ತು.

"ನಗಬೇಡಿ," ಎಂದ ಪೆಂಗೆಲ್ಲಿ. ದನಿ ತಗ್ಗಿಸಿದ, ಚುನಾವಣೆಯ ಸಭೆಗಳಲ್ಲಿ ತಗ್ಗಿಸುತ್ತಿದ್ದ ಹಾಗೆ. "ಹುಡುಗನಿಗೆ ಕಣ್ಣಿದೆ. ನಮ್ಮ ಯಾರಿಗೂ ಕಾಣದ್ದು ಅವನಿಗೆ ಕಂಡಿದೆ. ಹೆಡ್ಲಿ ಜಾರಿ ಬಿದ್ದಿಲ್ಲ, ಯಾರೋ ತಳ್ಳಿದಾರೆ. ತಳ್ಳಿದೋನು ನಮ್ಮೋನಲ್ಲ. ಅವನು ಹೇಳಿದ್ದು ಅಷ್ಟೇ ತಾನೆ? ನಾನೂ ಒಪ್ತೀನಿ."

ಅವನು ಬಾಗಿಲ ಕಡೆ ತಿರುಗಿದ್ದ.

ಬಾಗಿಲ ಬಳಿ ಒಂಟಿ ಸ್ಟೂಲಿನ ಮೇಲೆ ಗಾಟ್‌ಲೋಬ್ ಶಿರ್ಮರ್ ಕೂತಿದ್ದ. ಜರ್ಮನಿಯವನು, ಗಣಿಗೆ ಸೌದೆ ತಂದುಹಾಕುವ ಗಾಡಿಯವನು. ನಾವು ನಮ್ಮನಮ್ಮಲ್ಲಿ ಬಿರುಸಾಗಿ ಆಡುವ ಮಾತು ಅವನಿಗೆ ಅರ್ಧವೂ ಹತ್ತುತ್ತಿರಲಿಲ್ಲ. ಗುಂಡಿಯಲ್ಲಿ ಹೆಣ ಕಂಡು ಓಡಿಬಂದು ನನಗೆ ಹೇಳಿದವನು ಅವನೇ, ಅದಕ್ಕೇ ಸಾಕ್ಷಿಗೆ ಕರೆಸಿದ್ದೆ. ಸೌದೆ ಹಸಿಯೆಂದು ಟ್ರೆಂಬಾತ್ ಒಮ್ಮೆ ಅವನ ಗಾಡಿ ವಾಪಸು ಕಳಿಸಿದಾಗ ಇಬ್ಬರಿಗೂ ರಸ್ತೆಯಲ್ಲಿ ಜಗಳವಾಗಿತ್ತು. ಊರೆಲ್ಲ ನೋಡಿತ್ತು.

"ಗಾಟ್‌ಲೋಬ್, ನೀನೂ ಬೆಳಿಗ್ಗೆಯಿಂದ ಏನೂ ತಿಂದಿಲ್ವಲ್ಲಪ್ಪ," ಎಂದು ಪೆಂಗೆಲ್ಲಿ ತಟ್ಟೆಯಿಂದ ಒಂದು ಕಡುಬು ತೆಗೆದು ಅವನಿಗೆ ಕೊಟ್ಟ.

"ಗಾಟ್‌ಲೋಬ್, ಬೇಡ," ಎಂದೆ.

ಅವನು ಗಾಬರಿಯಿಂದ ನನ್ನನ್ನು ನೋಡಿದ. ತನ್ನದಲ್ಲದ್ದನ್ನು ಮುಟ್ಟಿದೆನೇನೋ ಎಂದು ವಾಪಸು ಇಡಲು ಹೋದ.

"ತಿನ್ನಪ್ಪ, ಯಾಕೆ ಹೆದರ್ತೀಯ," ಎಂದ ಪೆಂಗೆಲ್ಲಿ. "ಕಾನ್‌ಸ್ಟೇಬಲ್ ಸಾಹೇಬ್ರು ಬಡವನ ಊಟಕ್ಕೂ ಅಡ್ಡ ಬರ್ತಾರಾ?"

ಗಾಟ್‌ಲೋಬ್ ಹಸಿದಿದ್ದ. ಹೆಸರಿನ ಮೂಲೆ ಅವನ ಕಡೆಗೇ ಇತ್ತು. ಕಚ್ಚಿದ. ಯಾರದೋ ಹೆಸರು ಅವನ ಬಾಯೊಳಗೆ ಹೋಯಿತು.

"ಚೆನ್ನಾಗಿದೆ," ಎಂದ, ಕಡುಬು ತುಂಬಿದ ಬಾಯಲ್ಲೇ, ಅಮ್ಮನ ಕಡೆ ನೋಡಿ ನಗುತ್ತ.

ಕೋಣೆಯಲ್ಲಿ ಬೇರೆ ಯಾರೂ ನಗುತ್ತಿರಲಿಲ್ಲ.

ಪೆಂಗೆಲ್ಲಿ ಬೆರಳು ತೋರಿಸಲಿಲ್ಲ. ಹೋಗಿ ಗೋಡೆಗೆ ಒರಗಿ ನಿಂತು ಲೋಟ ಒರೆಸತೊಡಗಿದ, ಹೆಂಡ ಮಾರುವವನಷ್ಟೇ ತಾನು ಎಂಬಂತೆ.

"ಇದಕ್ಕೇನು ಅರ್ಥ ಕ್ಯಾಪ್ಟನ್?" ನಾನು ಬೊಲೈಥೊನ ಮೇಜಿಗೆ ಕೈ ಊರಿದೆ. "ಜರ್ಮನಿಯೋನು ಜರ್ಮನಿಯೋನ ಹಾಗೆ ತಿಂದ. ಅದಕ್ಕೆ ಕೊಲೆಗಾರ ಆಗ್ಬಿಡ್ತಾನಾ? ಹಂಗಂದ್ರೆ ಡಾಕ್ಟ್ರನ್ನೂ ನೋಡಿ."

ನೋಡಿದರು. ಡಾಕ್ಟರ್ ಲಸ್ಕಂಬ್ ತನ್ನ ಕಡುಬಿನ ಹೊಟ್ಟೆಯನ್ನು ನಡುವಿನಲ್ಲೇ ಚಾಕುವಿನಿಂದ ಸೀಳಿ, ಮುಳ್ಳುಚಮಚದಲ್ಲಿ ಮಾಂಸ ಮಾತ್ರ ಹೆಕ್ಕಿ ತಿನ್ನುತ್ತಿದ್ದ. ಎಲ್ಲರೂ ಕಣ್ಣು ತಿರುಗಿಸಿದರು. ಕೋಟು ಹಾಕಿದವನ ತಟ್ಟೆಯನ್ನು ಈ ಊರು ನೋಡುವುದಿಲ್ಲ.

"ನೀನೇ ಹೇಳಿದ್ದಲ್ವೇನಪ್ಪ," ಎಂದ ಬೊಲೈಥೊ. ನಿಜಕ್ಕೂ ಮರುಗಿ ಹೇಳಿದ. "ಕಚ್ಚಿದೋನೇ ತಳ್ಳಿದೋನು ಅಂತ. ನಾವು ನಿನ್ನ ಮಾತನ್ನೇ ನಂಬಿರೋದು."

"ನಾನು ಹೇಳಿದ್ದು ಅದಲ್ಲ."

"ಅದೇ. ಎಲ್ರೂ ಕೇಳಿಸ್ಕೊಂಡ್ವಿ."

ತಲೆಗಳು ಕೂಡಿದವು, ಬೇರೆಯಾದವು. ಹೂಜಿ ಖಾಲಿಯಾಗುವಷ್ಟು ಹೊತ್ತೂ ಹಿಡಿಯಲಿಲ್ಲ. ಉದ್ದೇಶಪೂರ್ವಕ ಕೊಲೆ. ಕೊಂದವನು ಗಾಟ್‌ಲೋಬ್ ಶಿರ್ಮರ್. ಅಡಿಲೇಡಿನ ದೊಡ್ಡ ನ್ಯಾಯಾಲಯಕ್ಕೆ ಒಪ್ಪಿಸತಕ್ಕದ್ದು. ಅಲ್ಲಿಂದ ಅಂಥವರು ಎಲ್ಲಿಗೆ ಹೋಗುತ್ತಾರೆಂದು ನಮಗೆಲ್ಲ ಗೊತ್ತು. ಡಾಕ್ಟರ್ ಸಹಿ ಮಾಡಿ ಗಡಿಯಾರ ನೋಡಿಕೊಂಡ.

ಬೇಡಿ ಇದ್ದದ್ದು ನನ್ನ ಸೊಂಟದಲ್ಲಿ. ಹಾಕಬೇಕಾದವನು ನಾನು. ಕಲ್ಲು ಹೆಕ್ಕಲು ಶಾಲೆ ಬಿಡಿಸಿ ನನ್ನನ್ನು ಗಣಿಗೆ ಕಳಿಸಿದಾಗಲೂ ಇಷ್ಟು ಸಿಟ್ಟು ಬಂದಿರಲಿಲ್ಲ. ಮೇಜು ಮಗುಚಬೇಕು, ಹೂಜಿ ಒಡೆಯಬೇಕು, ಆ ಲೋಟ ಒರೆಸುವ ಕೈಯನ್ನು ಮುರಿಯಬೇಕು ಅನಿಸಿತು. ಮಾಡಿದ್ದು ಮಾತ್ರ ಸೊಂಟದಿಂದ ಬೇಡಿ ತೆಗೆದು ಅವನ ಕೈಗೆ ಹಿಡಿದದ್ದು.

ಗಾಟ್‌ಲೋಬನಿಗೆ ಆಗಲೂ ಅರ್ಥವಾಗಿರಲಿಲ್ಲ. ಒಂದು ಕೈ ಚಾಚಿದ, ಇನ್ನೊಂದರಲ್ಲಿ ಕಡುಬಿತ್ತು.

"ಇದು ಮುಗಿಸಲಾ?"

"ಮುಗಿಸು."

ತಿಂದ. ಆಮೇಲೆ ಆ ಕೈಯನ್ನೂ ಕೊಟ್ಟ. ಬೀಗ ಬಿದ್ದ ಸದ್ದಿಗೆ ಅವನ ಮುಖದ ಬಣ್ಣ ಹೋಯಿತು. "ಡಿಗರಿ, ನಾನು ನಿನ್ನನ್ನ ಕರ್ಕೊಂಡು ಬಂದೆ ಅಲ್ವಾ? ಅವನು ಬಿದ್ದಿದಾನೆ ಅಂತ ನಾನೇ ಕರೆದೆ ಅಲ್ವಾ?"

"ಹೌದು. ನೀನೇ ಕರೆದೆ."

"ಮತ್ತೆ?"

ನಾನು ಕೀಲಿಯನ್ನು ಜೇಬಿಗೆ ಹಾಕಿಕೊಂಡೆ.

"ಕುದುರೆ ಬಿಸಿಲಲ್ಲಿದೆ," ಎಂದ. "ನೀರು ಯಾರು ಕುಡಿಸ್ತಾರೆ?"

"ಸೋಮವಾರದ ಕೋಚಿಗೆ ಕರ್ಕೊಂಡು ಹೋಗು," ಎಂದ ಪೆಂಗೆಲ್ಲಿ ಗೋಡೆಯ ಬಳಿಯಿಂದ. "ನಾನೂ ಅದರಲ್ಲೇ ಬರ್ತಿದೀನಿ. ದಾರೀಲಿ ಅವನ ಊಟ ನನ್ನ ಖರ್ಚು."

ಒಂದೇ ಕೋಚು. ಒಬ್ಬನಿಗೆ ಪ್ರಮಾಣ, ಒಬ್ಬನಿಗೆ ನೇಣು. ನಡುವೆ ಕೂರುವವನು ನಾನು.

ಗಾಟ್‌ಲೋಬನನ್ನು ಲಾಯದ ಕಂಬಕ್ಕೆ ಕಟ್ಟಿ, ಅವನ ಕುದುರೆಗೆ ನೀರಿಟ್ಟು ಹಿತ್ತಲಿಗೆ ಬಂದೆ. ಅಂಗಳದ ಮರದ ಕೆಳಗೆ ಲವ್‌ಡೇ ಟ್ರೆಂಬಾತ್ ನಿಂತಿದ್ದಳು, ಹೆಡ್ಲಿಯ ಹೆಂಡತಿ. ಚಾಪೆಲ್‌ನ ಹೆಂಗಸು, ಹೆಂಡ ಮಾರುವ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಹರಕೆ ಹೊತ್ತವಳು. ಗಂಡನ ಹೆಣ ನೋಡಲು ಕೂಡ ಒಳಗೆ ಬಂದಿರಲಿಲ್ಲ.

"ಆ ಗಾಡಿಯೋನು ಅಂತೆ," ಎಂದಳು.

"ಅವನಲ್ಲ, ಅಕ್ಕ."

"ಮತ್ಯಾಕೆ ಕಟ್ಟಿದೀಯ?"

ಅವಳು ನನ್ನ ಕಂಕುಳಲ್ಲಿದ್ದ ಡಬ್ಬಿ ನೋಡಿದಳು.

"ಅವರು ಕೊನೇದಾಗಿ ತಿಂದದ್ದು ಅದೇನಾ? ಒಂದ್ಸಲ ತೋರ್ಸು. ನಾನು ಕಟ್ಟಿಕೊಟ್ಟ ತುತ್ತು, ನೋಡಿ ಕಣ್ಣು ತುಂಬಿಸ್ಕೊಳ್ತೀನಿ."

ಪೊಲೀಸ್ ಸಾಕ್ಷ್ಯ ಎಂದು ಎರಡು ದಿನ ಬೀಗ ಹಾಕಿ ಇಟ್ಟಿದ್ದೆ. ಇನ್ನು ಯಾರಿಗೆ ಬೇಕು. ತೆರೆದು ಕೊಟ್ಟೆ.

ಅವಳು ಅಳುತ್ತಾಳೆಂದುಕೊಂಡೆ. ಅಳಲಿಲ್ಲ. ಕಡುಬನ್ನು ಎತ್ತಿ ಬೆಳಕಿಗೆ ಹಿಡಿದು ಅದರ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು. ಮತ್ತೆ ಹಿಂದಕ್ಕೆ ಆಡಿಸಿದಳು.

"ಇದು ನಂದಲ್ಲ."

"ಏನು?"

"ನಾನು ಮಾಡಿದ್ದಲ್ಲ ಇದು. ಇಲ್ಲಿ ನೋಡು, ಅಂಚು ಮಡಿಚಿರೋದು. ನಾವು ಎಲ್ರೂ ಬಲಗೈಲಿ ಮಡಿಚ್ತೀವಿ, ಮಡಿಕೆ ಎಲ್ಲ ಹೀಗೆ ಬಲಕ್ಕೆ ಬೀಳ್ತವೆ. ಇದು ಪೂರ್ತಿ ಉಲ್ಟಾ. ಎಡಗೈಯೋಳು ಮಡಿಚಿರೋದು." ಅವಳು ತಲೆಯೆತ್ತಿದಳು. "ನಾನು ಕಟ್ಟಿಕೊಟ್ಟಿದ್ದು ಎಲ್ಲಿ ಹೋಯ್ತು ಹಾಗಾದ್ರೆ? ಎರಡು ದಿನದಿಂದ ಇಟ್ಕೊಂಡಿದೀಯ, ನಿನಗೆ ಕಾಣ್ಲಿಲ್ವೇನೋ ಇದು?"

ಕಂಡಿರಲಿಲ್ಲ. ಕಚ್ಚಿದ ಕಡೆಯನ್ನೇ ನೋಡಿದ್ದೆ. ಅಂಚು ನೋಡಿದಾಗ ಎಲ್ಲ ಕಡುಬಿನ ಹಾಗಿದೆ ಅನಿಸಿತ್ತು. ಅನಿಸದೆ ಏನು? ನನ್ನ ಪಾಲಿಗೆ ಕಡುಬು ಇರುವುದೇ ಹಾಗೆ. ಹಲ್ಲು ಬಂದ ದಿನದಿಂದ, ಗಣಿಗೆ ಇಳಿದ ಮೊದಲ ದಿನದ ಬುತ್ತಿಯಿಂದ, ನಿನ್ನೆ ಮಧ್ಯಾಹ್ನದವರೆಗೆ, ನಾನು ತಿಂದ ಪ್ರತಿಯೊಂದು ಕಡುಬಿನ ಮಡಿಕೆಯೂ ಎಡಕ್ಕೇ ಬಿದ್ದಿತ್ತು.

ಉಳಿದಿದ್ದ 'ಟಿ' ನನ್ನನ್ನು ನೋಡುತ್ತಿತ್ತು. ಅದನ್ನು ಹೊಸೆದು ಅಂಟಿಸಿದವಳಿಗೆ ಈ ಕಡುಬು ಯಾರ ಹೆಸರಿಗೆ ಹೋಗುತ್ತದೆ ಎಂದು ಗೊತ್ತಿತ್ತು.

"ಈ ಊರಲ್ಲಿ ಎಡಗೈಲಿ ಮಡಿಚೋರು ಯಾರಿದಾರೆ, ಡಿಗರಿ?" ಲವ್‌ಡೇಯ ದನಿ ಬಹಳ ಮೆತ್ತಗಿತ್ತು. ಅವಳು ನನ್ನನ್ನು ನೋಡುತ್ತಿರಲಿಲ್ಲ. ನನ್ನ ಹಿಂದೆ ನೋಡುತ್ತಿದ್ದಳು.

ಲಾಯದಲ್ಲಿ ಗಾಟ್‌ಲೋಬ್ ಜರ್ಮನ್ ಮಾತಿನಲ್ಲಿ ತನ್ನ ಕುದುರೆಯನ್ನು ಸಮಾಧಾನ ಮಾಡುವುದು ಕೇಳುತ್ತಿತ್ತು. ಅವನ ಬೇಡಿಯ ಕೀಲಿ ನನ್ನ ಜೇಬಿನಲ್ಲಿತ್ತು.

ತಿರುಗಿದೆ. ಅಡುಗೆಮನೆಯ ಕಿಟಕಿಯಲ್ಲಿ ಅಮ್ಮ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಅವಳ ಹೆಗಲ ಹಿಂದೆ, ಕತ್ತಲಲ್ಲಿ, ಪೆಂಗೆಲ್ಲಿ ಲೋಟ ಒರೆಸುತ್ತಿದ್ದ. ಅಮ್ಮ ನನ್ನ ಕೈಯಲ್ಲಿದ್ದ ಡಬ್ಬಿಯನ್ನು ನೋಡಿದಳು, ನನ್ನ ಮುಖ ನೋಡಿದಳು, ಹಿಟ್ಟು ಮೆತ್ತಿದ ಎಡಗೈಯನ್ನು ಚಾಚಿ ಕಿಟಕಿ ಎಳೆದುಕೊಂಡಳು.